ಸವಳು ನೀರಿನ ಬೆನ್ನು ಹತ್ತಿದ ವರದಾ

ಸಿಂದಗಿಯಿಂದ ಭೀಮಾ ಹೊಳೆಯ ಕಡೆಗೆ ಹೊರಡುವ ಮೊದಲ ಬಸ್ಸು ಆ ಊರಿನ ಕ್ರಾಸಿಗೆ ಬಂದು ನಿಂತಾಗ ಇನ್ನೂ ಮುಖದ ಗುರುತು ಹತ್ತುವಷ್ಟು ಬೆಳಕಾಗಿರುವುದಿಲ್ಲ. ಇಳಿಯುವವಳು ಒಬ್ಬಳೇ. ಹೆಗಲಿಗೊಂದು ಚೀಲ, ಕೈಯಲ್ಲಿ ಇನ್ನೊಂದು, ಎರಡರಲ್ಲೂ ಖಾಲಿ ಪ್ಲಾಸ್ಟಿಕ್ ಬಾಟಲಿಗಳು. ಬಡವರ ಮನೆಗಳ ಜನತಾ ಪ್ಲಾಟಿನ ನಾಯಿಗಳು ಮೊದಮೊದಲು ಬಾಟಲಿಗಳ ಸದ್ದಿಗೆ ಬೊಗಳಿ ಊರು ಎಬ್ಬಿಸುತ್ತಿದ್ದವಂತೆ. ಈಗ ತಲೆ ಎತ್ತಿ ನೋಡಿ, ಇವಳೇ ಅಲ್ಲವೇ ಎಂದು ಮತ್ತೆ ಮುದುಡಿ ಮಲಗುತ್ತವೆ.

ಬೋರಿನ ಮುಂದೆ ಆಗಲೇ ಕೊಡಗಳ ಸಾಲು. ವರದಾ ಚೀಲ ಇಳಿಸಿ, ಓಢಣಿಯನ್ನು ಸೊಂಟಕ್ಕೆ ಬಿಗಿದು, ಬೋರಿನ ಹಿಡಿಕೆಗೆ ಕೈ ಹಾಕುತ್ತಾಳೆ. ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರು ಪರೀಕ್ಷೆಗೆ ನಡೆಯುವುದಿಲ್ಲ. ಅದು ಹೋಗಿ ಹೊಸ ನೀರು ಬರುವವರೆಗೆ ಬೋರು ಹೊಡೆಯಬೇಕು. ಹಾಗೆಂದು ನೀರು ಚೆಲ್ಲಿದರೆ ಸುತ್ತ ನಿಂತವರು ಬಿಡುತ್ತಾರೆಯೇ? ಒಬ್ಬರ ಹಿಂದೆ ಒಬ್ಬರು ಕೊಡ ಒಡ್ಡುತ್ತಾರೆ. "ಹೊಡಿ ತಂಗಿ, ಹೊಡಿ. ಪುಕ್ಕಟೆ ಆಳು ಸಿಕ್ಕಾಳ, ಬಿಡಬ್ಯಾಡ್ರೇ" ಎಂದು ಒಬ್ಬಾಕೆ ನಗುತ್ತಾಳೆ. ವರದಾಳೂ ನಗುತ್ತಾಳೆ. ಆದರೆ ಆ ನಗು ತುಟಿ ದಾಟಿ ಕಣ್ಣಿನವರೆಗೆ ಹೋಗುವುದಿಲ್ಲ. ನಿದ್ದೆಗೆಟ್ಟ ಕಣ್ಣುಗಳು ಅವು.

ಬಾಟಲಿ ತುಂಬಿ, ಬಿರಡೆ ಬಿಗಿದು, ಮೇಲೊಂದು ಚೀಟಿ ಅಂಟಿಸಿದ ಮೇಲೆ ಬೋರಿನ ಕಟ್ಟೆಯ ಮೇಲೆಯೇ ಕೂತು ಒಂದು ಸಣ್ಣ ಕೊಳವೆಯಲ್ಲಿ ನೀರು ಹಾಕಿ, ಔಷಧದ ಹನಿ ಬಿಡುತ್ತಾಳೆ. ಗುಲಾಬಿ ಬಣ್ಣ ನೋಡುನೋಡುತ್ತ ಹಳದಿಗೆ ತಿರುಗುತ್ತದೆ. ಹಳದಿ ಹೆಚ್ಚಿದಷ್ಟೂ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಎಂಬುದು ನಿಯಮ. ಇಲ್ಲಿ ಅದು ಮೂರರ ಆಚೆಗಿದೆ. ಕೊಡ ಹೊತ್ತವರು ಆ ಬಣ್ಣವನ್ನು ಒಮ್ಮೆ ನೋಡಿ, ಅದೇ ನೀರನ್ನು ಹೊತ್ತು ಮನೆಗೆ ನಡೆಯುತ್ತಾರೆ. ಬೇರೆ ನೀರಾದರೂ ಎಲ್ಲಿದೆ?

ವರದಾ ಪಾಂಡುರಂಗ ಕುಲಕರ್ಣಿ ಸಿಂದಗಿಯ ಒಂದು ಪದವಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ತಂದೆ ಪ್ರಾಥಮಿಕ ಶಾಲೆಯ ಮಾಸ್ತರರು. ಮಗಳು ಬ್ಯಾಂಕಿನ ಪರೀಕ್ಷೆ ಬರೆದು ನೆರಳಿನಲ್ಲಿ ಕೂರಲಿ ಎಂಬುದು ಮನೆಯವರ ಆಸೆ. ಮಗಳು ಕೂತಿದ್ದು ಬೋರಿನ ಕಟ್ಟೆಯ ಮೇಲೆ. ಆಕೆ ಕೈಗೆತ್ತಿಕೊಂಡ ಕೆಲಸಕ್ಕೆ 'ಪರಿಸರ ನ್ಯಾಯದ ಅಂತರಶಿಸ್ತೀಯ ಅಧ್ಯಯನ' ಎಂದು ಹೆಸರು. ಇಷ್ಟುದ್ದದ ಹೆಸರು ಕೇಳಿದ ಬಸ್ಸಿನ ಕಂಡಕ್ಟರ್ ಒಮ್ಮೆ ಟಿಕೆಟ್ ಹರಿಯುವುದನ್ನೇ ಮರೆತನಂತೆ. ಹೆಸರು ದೊಡ್ಡದು, ಪ್ರಶ್ನೆ ಸಣ್ಣದು. ಊರು ಒಂದೇ, ಹೊಳೆಯೂ ಒಂದೇ ಇರುವಾಗ ಮೇಲಿನ ಓಣಿಗೆ ಸಿಹಿ ನೀರಿನ ಬಾವಿ, ಕೆಳಗಿನ ಜನತಾ ಪ್ಲಾಟಿಗೆ ಸವಳು ನೀರಿನ ಬೋರು ಯಾಕೆ ಎಂಬುದಷ್ಟೇ. ಊರಿನವರ ಇಚ್ಛೆಯಂತೆ ಊರಿನ ಹೆಸರನ್ನು ಇಲ್ಲಿ ಬರೆದಿಲ್ಲ. ದೇವಣಗಾಂವದ ಕಡೆಗೆ ಹೋಗುವವರಿಗೆ ಗುರುತು ಸಿಗುತ್ತದೆ.

ಪ್ಲಾಟಿನವರು ಬಾವಿಗೆ ಹೋಗಬಾರದೆಂದು ಯಾರೂ ಹೇಳಿಲ್ಲ. ಹೋದರೆ ಯಾರೂ ಮಾತನಾಡಿಸುವುದೂ ಇಲ್ಲ. ಹೀಗಾಗಿ ಯಾರೂ ಹೋಗುವುದಿಲ್ಲ. ಪ್ಲಾಟಿನ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿವೆ. ಹರೆಯದ ಹುಡುಗಿಯರು ನಗುವಾಗ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ನಡುವಯಸ್ಸಿಗೇ ಮೊಣಕಾಲು ಹಿಡಿದು, ನೆಲದಿಂದ ಏಳುವಾಗ ಗೋಡೆ ಹುಡುಕುವವರು ಮನೆಗೊಬ್ಬರಿದ್ದಾರೆ.

ಕೆಲಸ ಎರಡು ವಿಭಾಗಗಳದ್ದಾದ್ದರಿಂದ ಗುರುಗಳೂ ಇಬ್ಬರು. ರಸಾಯನಶಾಸ್ತ್ರದ ಶ್ರೀಶೈಲಪ್ಪ ಸರ್‌ಗೆ ಬಾಟಲಿ ಬಿಟ್ಟರೆ ಬೇರೆ ಬೇಡ. ಸಮಾಜಶಾಸ್ತ್ರದ ವಿದ್ಯಾವತಿ ಮೇಡಂಗೆ ಬಾಟಲಿ ಕಂಡರೆ ಆಗದು. "ಬೋರಿಂದ ನೇರ ನೀರು ತಾ, ಉಳದದ್ದು ನಾ ನೋಡ್ಕೋತೇನಿ" ಎಂದರು ಸರ್. "ಮಂದಿ ಬೋರಿಗೆ ಬಾಯಿ ಹಚ್ಚಿ ಕುಡೀತಾರೇನು? ಮನಿಯೊಳಗ ಹೋಗು, ಅವರ ಕೊಡದಾಗಿಂದ ತಗೋ" ಎಂದರು ಮೇಡಂ. ಇಬ್ಬರ ಮಾತಿನಲ್ಲೂ ಹುರುಳಿತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಅದನ್ನು ಬಗೆಹರಿಸಲಿಲ್ಲ ಅಷ್ಟೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುವ ಹಾಗೆ, ಅವರ ಚೀಟಿ ಇವರಿಗೆ, ಇವರ ಚೀಟಿ ಅವರಿಗೆ ಮುಟ್ಟಿಸುತ್ತ ಮೆಟ್ಟಿಲು ಹತ್ತಿಳಿದವಳು ವರದಾ. ಕೊನೆಗೆ ಗೆದ್ದದ್ದು ಮೇಡಂ ಮಾತು.

ಮನೆಯಲ್ಲಿ ಇನ್ನೊಂದು ರಗಳೆ. ಬಾಟಲಿ ಕೊಳ್ಳಲು ದುಡ್ಡಿಲ್ಲ. ಝಳಕಿಯಲ್ಲಿರುವ ಸೋದರಮಾವ ಹೆದ್ದಾರಿಯ ಧಾಬಾಗಳಲ್ಲಿ ಎಸೆದ ಬಾಟಲಿಗಳನ್ನು ಗೋಣಿಚೀಲದಲ್ಲಿ ತುಂಬಿ ಕಳಿಸುತ್ತಾನೆ. ಅಜ್ಜಿ ಇಂದೂಬಾಯಿ ಮಡಿಯಲ್ಲಿ ಒಂದು ಹನಿ ಹೆಚ್ಚುಕಡಿಮೆಯನ್ನೂ ಸಹಿಸದವರು. ಮರಾಠಿಯಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. "ಅಗಂ ಬಾಯಿ! ಧಾಬಾದ ಬಾಟಲಿ, ಪ್ಲಾಟಿನ ನೀರು, ಎರಡೂ ತಂದು ನನ್ನ ದೇವರ ಖೋಲಿ ಮುಂದ ಇಟ್ಟೀಯಲ್ಲ! ಇನ್ನ ನನ್ನನ್ನೂ ಒಂದು ಬಾಟಲ್ಯಾಗ ತುಂಬಿ ಕಳಸಿಬಿಡು!" ಬೈದದ್ದು ನಿಜ. ಹಿತ್ತಲಿನ ಕಟ್ಟಿಗೆ ಗೂಡನ್ನು ಖಾಲಿ ಮಾಡಿಸಿ ಬಾಟಲಿಗಳಿಗೆ ಜಾಗ ಕೊಟ್ಟವರೂ ಅವರೇ. ಒಂದೇ ಒಂದು ಕರಾರು ಹಾಕಿದರು: ಹೊರಗೆ ಎಲ್ಲೂ ನೀರು ಮುಟ್ಟಬಾರದು. ವರದಾ ಅದನ್ನು ಕರಾರೆಂದು ತಿಳಿಯಲೂ ಇಲ್ಲ, ಹುಟ್ಟಿದಾಗಿನಿಂದ ಅಭ್ಯಾಸವಾದದ್ದು. ಕುಡಿಯಲು ಮನೆಯಿಂದಲೇ ಒಂದು ಬಾಟಲಿ ಒಯ್ಯುತ್ತಿದ್ದಳು. ಎಡವಟ್ಟಾದದ್ದು ಅಲ್ಲಿಯೇ.

ಹೋದ ಜನವರಿಯಲ್ಲಿ, ಅಂದರೆ 2004ರ ಸಂಕ್ರಾಂತಿ ಮುಗಿದ ಮೇಲೆ, ಪ್ಲಾಟಿನ ಬಾಗಿಲು ಬಾಗಿಲಿಗೆ ಹೋಗಿ "ನಿಮ್ಮ ಮನಿ ನೀರು ಒಂದು ಬಾಟಲಿ ಕೊಡ್ರಿ" ಎಂದು ಕೇಳಿದಳು. ಎಲ್ಲರೂ ಕೊಟ್ಟರು. ಕೆಲವರು ಒಳಗೆ ಹೋಗಿ ಬರಲು ಬಹಳ ಹೊತ್ತು ಮಾಡಿದರು. ಒಂದಿಬ್ಬರು ಹಿಂದಿನ ಬಾಗಿಲಿನಿಂದ ಪಕ್ಕದ ಮನೆಗೆ ಓಡಿದ್ದನ್ನೂ ವರದಾ ಕಂಡಳು. ತಂಬಿಗೆ ತರಲು ಹೋಗಿರಬೇಕು ಎಂದುಕೊಂಡಳು. ಪ್ರಯೋಗಾಲಯದಲ್ಲಿ ಹನಿ ಬಿಟ್ಟರೆ ಬಹುಪಾಲು ಬಾಟಲಿಗಳಲ್ಲಿ ಗುಲಾಬಿ ಗುಲಾಬಿಯಾಗಿಯೇ ಉಳಿಯಿತು. ಫ್ಲೋರೈಡ್ ಇಲ್ಲ ಎನ್ನುವಷ್ಟು ಕಡಿಮೆ.

ಶ್ರೀಶೈಲಪ್ಪ ಸರ್ ಖುಷಿಪಟ್ಟರು, ಅಂಕಿಗಳು ಅಷ್ಟು ಚೊಕ್ಕವಾಗಿದ್ದವು. ಅದೇ ಹೊತ್ತಿಗೆ ತಾಲ್ಲೂಕಿನ ನೀರು ಪೂರೈಕೆಯ ಕಚೇರಿ ಹೊಳೆಯಿಂದ ಪೈಪ್ ಹಾಕುವ ಊರುಗಳನ್ನು ಆರಿಸುತ್ತಿತ್ತು. ಯಾರಾದರೂ ನೀರು ಪರೀಕ್ಷಿಸಿದ್ದರೆ ಕೊಡಿ ಎಂದು ಕಾಲೇಜನ್ನು ಕೇಳಿತು. ಸರ್ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟರು. ಕಚೇರಿಯ ಕಾಗದದಲ್ಲಿ ಜನತಾ ಪ್ಲಾಟಿನ ಹೆಸರಿನ ಮುಂದೆ 'ಕುಡಿಯಲು ಯೋಗ್ಯ' ಎಂದಾಯಿತು. ಪೈಪು ಮೇಲಿನ ಓಣಿಯ ನೀರಿನ ಟಾಕಿಯವರೆಗೆ ಬಂದು ಅಲ್ಲೇ ನಿಲ್ಲುವುದೆಂದು ತೀರ್ಮಾನವಾಯಿತು. ಬಾವಿ ಇದ್ದವರಿಗೇ ನಳವೂ ಸಿಕ್ಕಿತು. ಅದಕ್ಕೆ ಸಾಕ್ಷಿ ಒದಗಿಸಿದವಳು ವರದಾ.

ಎಲ್ಲಿ ತಪ್ಪಿತೆಂದು ಅವಳಿಗೆ ಗೊತ್ತಾದದ್ದು ಮಾರ್ಚಿನ ಒಂದು ಉರಿಬಿಸಿಲಿನ ಮಧ್ಯಾಹ್ನ, ಚಂದವ್ವನ ಮನೆಯಲ್ಲಿ. ಚಂದವ್ವ ಐವತ್ತರ ಹತ್ತಿರದವಳು, ಬೇರೆಯವರ ಹೊಲದಲ್ಲಿ ಕಳೆ ಕೀಳುವವಳು, ಪ್ಲಾಟಿನಲ್ಲಿ ಅವಳ ಮಾತಿಗೆ ತೂಕವಿದೆ. ವರದಾ ಅಂದು ಮೊಣಕಾಲು ನೋವಿನ ಬಗ್ಗೆ ಕೇಳಿ ಬರೆದುಕೊಳ್ಳಲು ಹೋಗಿದ್ದಳು. ಒಲೆಯ ಮೇಲೆ ಬೇಳೆ ಕುದಿಯುತ್ತಲೇ ಇತ್ತು.

"ಮುಂಜಾನಿಂದ ಕುದಿಯಾಕತ್ತೈತ್ರಿ ಅಕ್ಕಾರ, ಬೇಯವಲ್ದು. ಈ ನೀರಾಗ ಯಾವ ಬ್ಯಾಳಿ ಬೇಯತೈತ್ರಿ?" ಎಂದಳು ಚಂದವ್ವ.

"ನಿಮ್ಮ ನೀರಿಂದಲ್ಲ ಬಿಡ್ರಿ, ಅದು ಪರೀಕ್ಷಾದಾಗ ಚಲೋ ಬಂದದ" ಎಂದಳು ವರದಾ.

"ಯಾವ ನೀರು?"

"ನೀವ ಬಾಟಲ್ಯಾಗ ಹಾಕಿ ಕೊಟ್ಟಿದ್ರಲ್ಲ."

ಚಂದವ್ವ ಸೌಟು ಕೆಳಗಿಟ್ಟು ನಕ್ಕಳು. "ಅದು ಹೊಳಿ ವರತಿ ನೀರ್ರಿ! ನಿಮ್ಮಂಥವರು ನಮ್ಮ ಬಾಗಿಲಿಗೆ ಬಂದು ನೀರು ಕೇಳ್ಯಾರಂದ್ರ ಬೋರಿಂದು ಕೊಡಾಕ ಬರತೈತೇನ್ರಿ? ಓಣಿ ತುಂಬ ಎಲ್ಲಾರೂ ಅದನ್ನ ಕೊಟ್ಟಾರ. ಇಲ್ಲದವರು ನನ್ನ ಕಡಿಂದ ಇಸಗೊಂಡು ಹೋಗಿ ಕೊಟ್ಟಾರ್ರಿ."

ಈ ಭಾಗದ ಸವಳು ನೀರಿನ ಊರುಗಳಲ್ಲಿ ಬಡವರ ಮನೆಯಲ್ಲೂ ಎರಡು ಕೊಡಗಳಿರುತ್ತವೆ. ದೊಡ್ಡದು ಬೋರಿನದು, ಮನೆಯವರಿಗೆ. ಒಳಗೆ ಬಟ್ಟೆ ಮುಚ್ಚಿಟ್ಟ ಸಣ್ಣ ಕೊಡ ಹೊಳೆಯದು. ಬತ್ತಿದ ಹೊಳೆಯ ಮರಳು ತೋಡಿ, ವರತಿಯಲ್ಲಿ ಜಿನುಗಿದ ನೀರನ್ನು ಬಟ್ಟಲಿನಿಂದ ಮೊಗೆದು, ಸೈಕಲ್ಲಿಗೆ ಕಟ್ಟಿಕೊಂಡು ತಂದದ್ದು. ಅದು ಬಂದವರಿಗೆ, ಬಾಣಂತಿಗೆ, ಜ್ವರದವರಿಗೆ. ಮನೆಯವರು ಮುಟ್ಟುವುದಿಲ್ಲ. ವರದಾ ಕೇಳಿದ್ದು ಪರೀಕ್ಷೆಯ ನೀರು. ಅವರಿಗೆ ಕೇಳಿಸಿದ್ದು ಮೇಲಿನವರ ಹುಡುಗಿಯೊಬ್ಬಳ ಬಾಯಾರಿಕೆ. ಒಂದು ಮನೆಯಲ್ಲಾದರೂ ಅವಳು ಗುಟುಕು ನೀರು ಕುಡಿದಿದ್ದರೆ, ಒಂದು ಬಾರಿ ಬೋರಿಗೆ ಬೊಗಸೆ ಒಡ್ಡಿದ್ದರೆ, ನಾಲಿಗೆಯೇ ಎರಡಕ್ಕೂ ಇರುವ ಅಂತರ ಹೇಳಿಬಿಡುತ್ತಿತ್ತು.

ಅಂದು ಎದ್ದು ಹೊರಗೆ ಬಂದವಳು ನೇರ ಬೋರಿಗೆ ಹೋಗಿ ಕುಡಿದಳು. ಉಪ್ಪು, ಅದರ ಹಿಂದೆ ಒಂಥರಾ ಕಹಿ. ಗಂಟಲಿನಿಂದ ಇಳಿಯಲಿಲ್ಲ. ಆದರೂ ಕುಡಿದಳು. "ಅವತ್ತು ಅಳಲಿಲ್ರಿ. ಅಳಲಿಕ್ಕೂ ದಣಿವಾಗಿತ್ತು. ಬಸ್ಸಿನ್ಯಾಗ ಕೂತು ಬರೇ ಅಂಕಿ ಕಣ್ಣ ಮುಂದ ಬರ್ತಿದ್ವು" ಎನ್ನುತ್ತಾಳೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಚೇರಿಗೆ ಹೋದ ವರದಿಗೂ ಇದೇ ಮಾತು. ಅದನ್ನು ಹಿಂದಕ್ಕೆ ಪಡೆಯಬೇಕೆಂದು ವರದಾ ಶ್ರೀಶೈಲಪ್ಪ ಸರ್‌ಗೆ ಹೇಳಿದಳು. "ಹಿಂದಕ್ಕ ತಗೊಂಡ್ರ ಮುಂದ ಈ ಕಾಲೇಜಿನ ಮಾತು ಯಾರೂ ನಂಬೂದಿಲ್ಲ, ವರದಾ. ನಿನ್ನ ಪ್ರಾಜೆಕ್ಟಿಗೂ ಮಾರ್ಕು ಬೀಳೂದಿಲ್ಲ" ಎಂದರು. "ಬೀಳದಿದ್ರ ಬ್ಯಾಡ್ರಿ ಸರ್. ಅವರಿಗೆ ನೀರು ಬೀಳಬೇಕಲ್ಲ" ಎಂದು ವರದಾ ಹೇಳಿದ ಮೇಲೆ ಪತ್ರಕ್ಕೆ ಸಹಿ ಮಾಡಿದರು. ಮನೆಮನೆಯಿಂದ ನೀರು ತರಲು ಹೇಳಿದ್ದ ವಿದ್ಯಾವತಿ ಮೇಡಂ ಕೂಡ ಸಹಿ ಮಾಡಿದರು, ಯಾರ ಮುಖವನ್ನೂ ನೋಡದೆ.

ಅಲ್ಲಿಂದ ಶುರುವಾಯಿತು ಕಚೇರಿಯ ಅಲೆದಾಟ. ಒಮ್ಮೆ ಸಾಹೇಬರು ಇಂಡಿಗೆ ಹೋಗಿದ್ದಾರೆ, ಇನ್ನೊಮ್ಮೆ ಮುದ್ದೇಬಿಹಾಳದಲ್ಲಿ ಮೀಟಿಂಗು, ಮತ್ತೊಮ್ಮೆ ಇದೀಗ ಊಟಕ್ಕೆದ್ದರು. ತರಗತಿ ತಪ್ಪಿತು, ಹಾಜರಿ ಕಡಿಮೆಯಾಯಿತು, ಕಾಲಿನ ಚಪ್ಪಲಿ ಎರಡು ಸಲ ಹೊಲಿಗೆ ಕಂಡಿತು. ಕೊನೆಗೆ ಸಿಕ್ಕ ಇಂಜಿನಿಯರ್ ಅನೀಲಕುಮಾರ ಒರಟರೇನಲ್ಲ. ಆದರೆ ಕಾಗದದ ಮನುಷ್ಯ.

"ಬೋರು ಸವಳು ಐತಿ ಅಂತ ನನಗೂ ಗೊತ್ತೈತಿ. ಆದರ ಮಂದಿ ಮನ್ಯಾಗ ಹೊಳಿ ನೀರು ಐತಿ ಅಂತ ನಿಮ್ಮ ಪತ್ರನ ಹೇಳತೈತಲ್ಲ? ಹೊಳಿ ನೀರು ಇದ್ದವರಿಗೆ ಮತ್ತ ಹೊಳಿ ಪೈಪ್ ಯಾಕ ಅಂತ ಮ್ಯಾಲಿನವರು ಕೇಳಿದ್ರ ನಾ ಏನ್ ಹೇಳ್ಲಿ?" ಎಂದರು. ವರದಾ ಎರಡು ಕೊಡಗಳ ಕಥೆ ಹೇಳಿದಳು. ಅವರು ತಲೆಯಾಡಿಸಿ, "ಅವ ಮನಿಗಳಿಗೆ ನಾನ ಬರ್ತೇನಿ. ಕುಡಿಯಾಕ ನೀರು ಕೇಳ್ತೇನಿ. ಏನ್ ಕೊಡ್ತಾರ, ಅದನ್ನ ಪರೀಕ್ಷಾ ಮಾಡೋಣು. ನೀವು ನಡುವ ಮಾತಾಡಂಗಿಲ್ಲ" ಎಂದರು.

ಗೆದ್ದೆ ಎಂದುಕೊಂಡು ಮೆಟ್ಟಿಲಿಳಿದವಳು ಅರ್ಧಕ್ಕೇ ನಿಂತಳು. ಸಾಹೇಬರು ಬಂದು ನೀರು ಕೇಳಿದರೆ ಪ್ಲಾಟಿನವರು ಯಾವ ಕೊಡದಿಂದ ಕೊಡುತ್ತಾರೆ?

ಸಾಹೇಬರು ಬರುವ ಹಿಂದಿನ ಸಂಜೆ ಚಂದವ್ವನ ಕಟ್ಟೆಯ ಮೇಲೆ ಎಲ್ಲರನ್ನೂ ಕೂಡಿಸಿದಳು. ಮನೆಯವರ ಹಾಗೆ 'ಅದ' ಎನ್ನುತ್ತಿದ್ದ ಅವಳ ನಾಲಿಗೆ ಅಷ್ಟು ಹೊತ್ತಿಗೆ ಪ್ಲಾಟಿನವರ 'ಐತಿ'ಗೆ ಹೊರಳಿತ್ತು. "ನಾಳಿ ಸಾಹೇಬ್ರು ಬಂದು ನೀರು ಕೇಳ್ತಾರ. ನೀವು ದಿನಾ ಯಾವ ನೀರು ಕುಡೀತೀರಿ, ಅದನ್ನ ಕೊಡ್ರಿ. ಇಷ್ಟ ಐತಿ ನನ್ನ ಮಾತು."

 ಚಂದವ್ವನೇ ಬಾಯಿ ಬಿಟ್ಟಳು. "ಬಡವರ ಅದೀವಿ ತಂಗಿ, ಖರೇ. ಅಷ್ಟು ಕೆಟ್ಟವರಲ್ಲ. ಬಿಸಲಾಗ ಬಾಗಿಲಿಗೆ ಬಂದಾವಗ ಸವಳು ನೀರು ಕೊಟ್ಟ ಕೈ ಯಾವ ಕೈ? ನಮ್ಮವ್ವ ಇದ್ದಿದ್ರ ಆ ಕೈಗೆ ಬರೆ ಹಾಕತಿದ್ಲು."

"ಇದು ಪರೀಕ್ಷಾ ಐತಿ, ಚಿಗವ್ವಾ."

"ನಿನಗ ಪರೀಕ್ಷಾ. ನನಗ ಮನಿ ಮರ್ಯಾದಿ."

  ಇಂಥ ಮಾತು ಕೇಳಬೇಕಾದವಳು ಇಪ್ಪತ್ತರ ಹುಡುಗಿಯಲ್ಲ, ಪೈಪನ್ನು ಮೇಲಿನ ಓಣಿಯಲ್ಲಿ ನಿಲ್ಲಿಸಿದವರು. ಆದರೆ ಅವರು ಆ ಕಟ್ಟೆಗೆ ಬಂದು ಕೂರುವುದಿಲ್ಲವಲ್ಲ!

ಮರುದಿನ ಅನೀಲಕುಮಾರ ಹೇಳಿದ ಹೊತ್ತಿಗೇ ಬಂದರು. ಮೊದಲನೆಯದು ಕುರಿ ಕಾಯುವ ಬೀರಣ್ಣನ ಮನೆ. ಸಾಹೇಬರ ಬೆವರಿದ ಮುಖ ಕಂಡದ್ದೇ ಬೀರಣ್ಣನಿಗೆ ತಡೆಯಲಾಗಲಿಲ್ಲ, ಒಳಗಿನ ಕೊಡದ ನೀರನ್ನೇ ತಂದುಕೊಟ್ಟ. ಕೊಳವೆಯಲ್ಲಿ ಗುಲಾಬಿ ಬಣ್ಣ ಕದಲಲಿಲ್ಲ. ಅನೀಲಕುಮಾರ ವರದಾಳ ಕಡೆ ಒಮ್ಮೆ ನೋಡಿದರು. ಮಾತನಾಡುವಂತಿಲ್ಲ. ಓಢಣಿಯ ತುದಿಯನ್ನು ಕಚ್ಚಿ ನಿಂತಳು. ತಿಂಗಳುಗಳ ಓಡಾಟವೆಲ್ಲ ಬೀರಣ್ಣನ ಒಂದು ತಂಬಿಗೆಯಲ್ಲಿ ಮುಳುಗಿಹೋಯಿತು ಎನಿಸಿತು ಅವಳಿಗೆ.

ಎರಡನೆಯದು ಚಂದವ್ವನ ಮನೆ. ನೀರು ಕೇಳಿದ ಮೇಲೆ ಒಳಗೆ ಹೋದ ಚಂದವ್ವ ಬೇಗ ಹೊರಬರಲಿಲ್ಲ. ಬಂದಾಗ ಕೈಯಲ್ಲಿ ಬೆಳಗಿದ ತಂಬಿಗೆಯಿತ್ತು. ಕಣ್ಣು ನೆಲದ ಮೇಲಿತ್ತು. ಅನೀಲಕುಮಾರ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮುಖ ಹಿಂಡಿತು. ಉಗುಳಲಿಲ್ಲ, ಕಷ್ಟಪಟ್ಟು ನುಂಗಿದರು.

"ತಪ್ಪು ತಿಳಕೋಬ್ಯಾಡ್ರಿ ಸಾಹೇಬ್ರ" ಎಂದಳು ಚಂದವ್ವ.  "ಒಳಗ ಹೊಳಿ ನೀರು ಐತ್ರಿ. ಅದನ್ನ ನಿಮಗ ಕೊಡಬೇಕಾಗಿತ್ರಿ. ನಾವು ದಿನಾ ಕುಡಿಯೂದು ಮಾತ್ರ ಇದನ್ನ. ನನ್ನ ಮಗಳೂ ಇದನ್ನ ಕುಡದು ಬೆಳದಾಳ್ರಿ."

ಕೊಳವೆಯ ನೀರು ಹಳದಿಯಾಯಿತು. ಬೀರಣ್ಣ ಓಡಿಹೋಗಿ ಇನ್ನೊಂದು ತಂಬಿಗೆ ತಂದ, ಈ ಸಲ ಬೋರಿನದು. ಆಮೇಲೆ ಮನೆಮನೆಯಿಂದ ತಂಬಿಗೆಗಳು ಹೊರಬಂದವು, ಎಲ್ಲವೂ ಸವಳು, ಹಿಡಿದವರೆಲ್ಲರ ತಲೆಯೂ ತಗ್ಗಿತ್ತು. ಅನೀಲಕುಮಾರ ಹೊರಡುವಾಗ, "ಹೆಸರು ಸೇರಿಸ್ತೇನಿ. ಪೈಪ್ ಯಾವಾಗ ಅಂತ ಮಾತ್ರ ಕೇಳಬ್ಯಾಡ್ರಿ" ಎಂದರು. ಮಾತಿಗೆ ತಪ್ಪಲಿಲ್ಲ. ಹೋದ ವಾರ ಕಚೇರಿಯ ಪಟ್ಟಿಯಲ್ಲಿ ಜನತಾ ಪ್ಲಾಟು ಸೇರಿದೆ. ನಳ ಬರುವವರೆಗೆ ತಿಂಗಳಿಗೊಮ್ಮೆ ನೀರಿನ ಅಂಕಿ ಕಳಿಸುತ್ತಿರಿ ಎಂದು ಕಾಲೇಜಿಗೆ ಪತ್ರ ಬಂದಿದೆ. ಕಳಿಸುವವಳು ಯಾರೆಂದು ಬೇರೆ ಹೇಳಬೇಕಿಲ್ಲ.

ಆದರೆ ಆ ದಿನದಿಂದ ಚಂದವ್ವ ವರದಾಳೊಂದಿಗೆ ಮಾತನಾಡಿಲ್ಲ. ಸಾಹೇಬರ ಜೀಪು ಹೊರಟ ಮೇಲೆ ಒಂದೇ ಒಂದು ಮಾತು ಹೇಳಿದಳಂತೆ. "ನೀ ಗೆದ್ದಿ ಬಿಡು ತಂಗಿ. ಚಲೋನ ಆತು. ಆದರ ಬಂದಾವಗ ವಿಷಾ ಕೊಟ್ಟಂಗಾತು ನನಗ." ಮುಂಜಾನೆ ಬೋರಿಗೆ ಈಗ ಅವಳು ಬರುವುದಿಲ್ಲ, ಮಗಳನ್ನು ಕಳಿಸುತ್ತಾಳೆ.

ಬಸ್ಸಿಗೆ ಇನ್ನೂ ಹೊತ್ತಿದೆ. ತುಂಬಿದ ಬಾಟಲಿಗಳ ಚೀಲವನ್ನು ಕಾಲ ಬಳಿ ಇಟ್ಟುಕೊಂಡು ಕ್ರಾಸಿನ ಬೇವಿನ ಗಿಡದ ಕೆಳಗೆ ವರದಾ ಕೂತಿದ್ದಾಳೆ. ಮುಂದಿನ ವಾರ ಪರೀಕ್ಷೆ, ಓದಿದ್ದು ತಲೆಗೆ ಹತ್ತುತ್ತಿಲ್ಲ. ವರದಿ ಬರೆಯುವ ಕೆಲಸವೂ ಬಾಕಿ ಇದೆ. "ಚಂದವ್ವ ಅಂದ ಆ ಮಾತು ರಿಪೋರ್ಟಿನ್ಯಾಗ ಎಲ್ಲಿ ಬರೀಲಿ ಅಂತ ಸರ್‌ಗೆ ಕೇಳಿದೆ. ಮೇಡಂ ಕಡೆ ಹೋಗು ಅಂದ್ರು. ಮೇಡಂಗೆ ಕೇಳಿದೆ. ಅವರು ಸರ್ ಕಡೆನ ಹೋಗು ಅಂದ್ರು" ಎನ್ನುತ್ತಾಳೆ. ಸಿಟ್ಟಿಲ್ಲ, ದಣಿವಷ್ಟೇ.

ಮುಂದೇನು ಆಸೆ ಎಂದು ಕೇಳಿದರೆ ಎಂ.ಎಸ್ಸಿ. ಎನ್ನುವುದಿಲ್ಲ, ನೌಕರಿ ಎನ್ನುವುದಿಲ್ಲ. ದೂರದ ರಸ್ತೆಯಲ್ಲಿ ಏಳುತ್ತಿರುವ ಧೂಳನ್ನು ನೋಡಿ, ಬಸ್ಸು ಬಂತೆಂದು ಎದ್ದು, ಚೀಲ ಹೆಗಲಿಗೇರಿಸಿಕೊಳ್ಳುತ್ತಾಳೆ.

"ನಳಾ ಬಂದ ದಿವಸ ಚಂದವ್ವ ನನ್ನ ಕರೀತಾಳೋ ಇಲ್ಲೋ ಗೊತ್ತಿಲ್ರಿ. ಕರದ್ರ ಹೋಗ್ತೀನಿ. ಕರೀದಿದ್ರೂ ಹೋಗ್ತೀನಿ. ಬಾಗಿಲಾಗ ನಿಂತು, ನೀರು ಕೊಡು ಚಿಗವ್ವಾ, ಬಾಯಾರಿ ಬಂದೀನಿ ಅಂತ ನಾನ ಕೇಳ್ತೀನಿ."